ಜೊಲ್ಲು ಸುರಿಸುವ ಕಂದನ ಕೆಂಪು ಕೆನ್ನೆ

ಎರಡು ಮೂರು ತಿಂಗಳು ತುಂಬುವವರೆಗೆ ಮಗುವಿನ ಮುಖ ಬೆಣ್ಣೆಯ ಹಾಗಿರುತ್ತದೆ. ನೋಡಿದವರೆಲ್ಲ ಮಾಷಾ ಅಲ್ಲಾಹ್ ಎನ್ನುತ್ತಾರೆ. ಆ ಬಳಿಕ ಒಂದು ದಿನ ಜೊಲ್ಲು ಸುರಿಯಲಾರಂಭಿಸುತ್ತದೆ. ಅಂಗಿಯ ಎದೆಭಾಗ ಒದ್ದೆ, ಹಾಸಿದ ಬಟ್ಟೆ ಒದ್ದೆ, ಎತ್ತಿಕೊಂಡವರ ಭುಜ ಒದ್ದೆ. ಕೆಲವು ದಿನ ಕಳೆಯುವುದರೊಳಗೆ ಗದ್ದ ಕೆಂಪಗಾಗಿ, ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳೆದ್ದು, ಕೆನ್ನೆ ಒರಟಾಗುತ್ತದೆ. ಮನೆಯಲ್ಲಿ ವಿಚಾರಣೆ ಶುರುವಾಗುವುದು ಆಗಲೇ. "ನೀನು ಮೊನ್ನೆ ಸಿಗಡಿ ತಿಂದೆಯಲ್ಲ, ಅದರ ನಂಜು" ಎಂದು ಒಬ್ಬರು. "ಹಾಲಿನ ಉಷ್ಣ" ಎಂದು ಇನ್ನೊಬ್ಬರು. "ಯಾರದೋ ಕಣ್ಣು ಬಿದ್ದಿದೆ" ಎಂದು ಮತ್ತೊಬ್ಬರು. ಒಂದೊಂದು ಗುಳ್ಳೆಗೂ ಲೆಕ್ಕ ಕೊಡಬೇಕಾದವಳು ಮಾತ್ರ ಮೊದಲ ಹೆರಿಗೆಯ ಎಳೆಯ ತಾಯಿ.

ಈ ತಿಂಗಳ ಬರಹ ಅವಳಿಗಾಗಿ. ಅವಳ ಅತ್ತೆಯೂ ಓದಿದರೆ ಇನ್ನೂ ಒಳ್ಳೆಯದು.

ಮಗು ಜೊಲ್ಲು ಸುರಿಸುವುದು ರೋಗವಲ್ಲ. ಎರಡು ಮೂರು ತಿಂಗಳ ಪ್ರಾಯದಲ್ಲಿ ಬಾಯಿಯ ಜೊಲ್ಲಿನ ಗ್ರಂಥಿಗಳು ಚುರುಕಾಗುತ್ತವೆ. ಆದರೆ ಊರಿದ ನೀರನ್ನು ಆಗಾಗ ನುಂಗಿಕೊಳ್ಳುವ ಅಭ್ಯಾಸ ಮಗುವಿಗೆ ಇನ್ನೂ ಬಂದಿರುವುದಿಲ್ಲ. ತುಟಿಗಳನ್ನು ಬಿಗಿಯಾಗಿ ಮುಚ್ಚಿಡಲೂ ತಿಳಿಯದು. ಒಳಗೆ ನಿಲ್ಲದ್ದು ಹೊರಗೆ ಹರಿಯುತ್ತದೆ, ಅಷ್ಟೆ. ಅದೇ ಪ್ರಾಯದಲ್ಲಿ ಮುಷ್ಟಿಯನ್ನು ಬಾಯಿಗೆ ತುರುಕುವ ಆಟವೂ ಆರಂಭವಾಗುವುದರಿಂದ ಜೊಲ್ಲು ಇನ್ನಷ್ಟು ಹೆಚ್ಚುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕಡಿಮೆಯಾಗುತ್ತದೆ. ಕೆಲವು ಮಕ್ಕಳಲ್ಲಿ ಎರಡು ವರ್ಷದವರೆಗೂ ಇರುವುದುಂಟು. ನಾಲ್ಕು ವರ್ಷ ದಾಟಿದ ಮೇಲೂ ಸುರಿಯುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಚರ್ಮ ಕೆಂಪಾಗುವುದೇಕೆ? ಪಾತ್ರೆ ತೊಳೆದು ತೊಳೆದು ನಮ್ಮ ಬೆರಳುಗಳು ಬಿಳಚಿ ಸುಕ್ಕಾಗುವುದನ್ನು ನೋಡಿದ್ದೇವಲ್ಲ. ಸದಾ ಒದ್ದೆಯಾಗಿರುವ ಚರ್ಮದ ಮೇಲ್ಪದರ ಹೀಗೆಯೇ ಊದಿಕೊಂಡು ಸಡಿಲಾಗುತ್ತದೆ. ಎಳೆಯ ಮಗುವಿನ ಚರ್ಮವೋ ನಮ್ಮದಕ್ಕಿಂತ ತೆಳು. ಅದರ ಮೇಲೆ ಬೀಳುವುದು ಬರಿಯ ನೀರಲ್ಲ. ಆಹಾರವನ್ನು ಕರಗಿಸುವ ಕಿಣ್ವಗಳಿರುವ ಜೊಲ್ಲು. ಜೊತೆಗೆ ಹಾಲಿನ ಪಸೆ, ಆರು ತಿಂಗಳಾದ ಮೇಲೆ ರಾಗಿ ಮಣ್ಣಿಯೋ ಬಾಳೆಹಣ್ಣೋ. ಇಷ್ಟೂ ಸೇರಿ ಚರ್ಮವನ್ನು ಸಡಿಲಗೊಳಿಸಿರುವಾಗ ಅದರ ಮೇಲೆ ನಮ್ಮ ಕೈ ಬೀಳುತ್ತದೆ. ಜೊಲ್ಲು ಕಂಡಾಗಲೆಲ್ಲ ಸೆರಗಿನ ತುದಿಯಿಂದಲೋ ದುಪಟ್ಟಾದಿಂದಲೋ ಟರ್ಕಿ ಟವೆಲಿನಿಂದಲೋ ಬಾಯಿಯನ್ನು ಎಳೆದು ಒರೆಸುತ್ತೇವೆ. ದಿನಕ್ಕೆ ಎಷ್ಟು ಸಲ ಒರೆಸುತ್ತೇವೆಂದು ಒಮ್ಮೆ ಎಣಿಸಿ ನೋಡಿ. ಜೊಲ್ಲು ಮಾಡಿದ ಹಾನಿಯನ್ನು ದೊಡ್ಡದು ಮಾಡುವುದು ಈ ಒರೆಸುವಿಕೆ.

ಆದ್ದರಿಂದ ಮೊದಲ ಮದ್ದು ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಒರೆಸಬೇಡಿ, ಒತ್ತಿ ತೆಗೆಯಿರಿ. ಬರೆದ ಶಾಯಿಯ ಮೇಲೆ ಒತ್ತುಕಾಗದ ಇಡುವ ಹಾಗೆ, ಮೆತ್ತಗಿನ ಹತ್ತಿ ಬಟ್ಟೆಯನ್ನು ಕೆನ್ನೆಗೆ ತಾಗಿಸಿ ಒಂದು ಕ್ಷಣ ಹಿಡಿದು ತೆಗೆಯಿರಿ. ಹಾಲು ಕುಡಿದ ಮೇಲೆ, ಊಟವಾದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಮುಖವನ್ನು ಮೃದುವಾಗಿ ಶುಚಿಮಾಡಿ, ಒಣ ಬಟ್ಟೆಯಿಂದ ಒತ್ತಿ ಆರಿಸಿ. ಮುಖಕ್ಕೆ ಸಾಬೂನು ಬೇಡ. ಸುವಾಸನೆಯ ಒದ್ದೆ ಕಾಗದಗಳೂ ಬೇಡ; ಪ್ರಯಾಣದಲ್ಲಿ ಅನಿವಾರ್ಯವಾದರೆ ಸುವಾಸನೆ ಇಲ್ಲದ್ದನ್ನು ಕೇಳಿ ತನ್ನಿ. ಬಟ್ಟೆಗಾಗಿ ಹಣ ಖರ್ಚು ಮಾಡಬೇಕಾಗಿಯೂ ಇಲ್ಲ. ಅಜ್ಜನ ಹಳೆಯ ಬಿಳಿ ಮುಂಡು ನೂರಾರು ಬಾರಿ ಒಗೆದು ಹೂವಿನಂತಾಗಿರುತ್ತದೆ. ಅದನ್ನು ಅಂಗೈಯಗಲ ಹದಿನೈದು ಇಪ್ಪತ್ತು ತುಂಡು ಮಾಡಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ.

ನನ್ನ ಹತ್ತಿರ ಕಲಿತ ಹುಡುಗಿಯರಲ್ಲಿ ಅನೇಕರು ಈಗ ತಾಯಂದಿರು. "ಟೀಚರ್, ಮಗುವಿನ ಜೊಲ್ಲು ಬಿದ್ದ ಬಟ್ಟೆಯಲ್ಲಿ ನಮಾಝ್ ಆಗುತ್ತದೆಯೇ?" ಎಂದು ಕೇಳುತ್ತಿರುತ್ತಾರೆ. ಕೆಲವರು ಈ ಸಂಶಯದಿಂದಲೇ ಮಗುವಿನ ಮುಖವನ್ನೂ ಅಂಗಿಯನ್ನೂ ದಿನವಿಡೀ ಸಾಬೂನು ಹಾಕಿ ತೊಳೆಯುತ್ತಿರುತ್ತಾರೆ. ಜೊಲ್ಲು ನಜಸಲ್ಲ, ಸಹೋದರಿಯರೇ. ಅದು ಬಿದ್ದ ಬಟ್ಟೆಯಲ್ಲಿ ನಮಾಝ್ ಆಗುತ್ತದೆ. ಕಕ್ಕಿದ ಹಾಲಿನ ವಿಚಾರ ಬೇರೆ, ಅದನ್ನು ಇನ್ನೊಮ್ಮೆ ನೋಡೋಣ. ಸಂಶಯದ ಹೆಸರಿನಲ್ಲಿ ಮಗುವಿನ ಕೆನ್ನೆಯನ್ನು ಉಜ್ಜಿ ಹುಣ್ಣು ಮಾಡಬೇಕಾಗಿಲ್ಲ.

ಒತ್ತಿ ಆರಿಸಿದ ಮೇಲೆ ಎರಡನೆಯ ಕೆಲಸ, ಜೊಲ್ಲಿಗೂ ಚರ್ಮಕ್ಕೂ ನಡುವೆ ಒಂದು ಪರದೆ ಎಳೆಯುವುದು. ಇದಕ್ಕೆ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ನಮ್ಮ ಮನೆಗಳಲ್ಲಿ ವ್ಯಾಸಲಿನ್ ಎಂದೇ ಕರೆಯುವ ಈ ವಸ್ತುವಿಗೆ ಒಂದು ಸ್ವಾರಸ್ಯಕರ ಹಿನ್ನೆಲೆಯಿದೆ. ಅಮೆರಿಕದ ಎಣ್ಣೆ ಬಾವಿಗಳಲ್ಲಿ ಯಂತ್ರದ ಸರಳುಗಳಿಗೆ ಅಂಟಿಕೊಳ್ಳುತ್ತಿದ್ದ ಮೇಣದಂಥ ಜಿಡ್ಡನ್ನು ಅಲ್ಲಿನ ಕೆಲಸಗಾರರು ಗಾಯಕ್ಕೂ ಸುಟ್ಟದ್ದಕ್ಕೂ ಹಚ್ಚಿಕೊಳ್ಳುತ್ತಿದ್ದರು. ಅದನ್ನು ಗಮನಿಸಿದ ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನತಜ್ಞ ಅದನ್ನು ಶುದ್ಧಗೊಳಿಸಿ 1872ರಲ್ಲಿ ಪೇಟೆಂಟ್ ಪಡೆದ. ಚರ್ಮವನ್ನು ಗುಣಪಡಿಸುವ ಮದ್ದು ಅದರಲ್ಲೇನೂ ಇಲ್ಲ. ಹೊರಗಿನ ಒದ್ದೆ ಒಳಗಿಳಿಯದಂತೆ, ಒಳಗಿನ ಪಸೆ ಆರಿಹೋಗದಂತೆ ತಡೆದು ನಿಲ್ಲುತ್ತದೆ. ಆ ನೆರಳಿನಲ್ಲಿ ಚರ್ಮ ತಾನಾಗಿಯೇ ಕೂಡಿಕೊಳ್ಳುತ್ತದೆ.

ಹಚ್ಚುವ ಹೊತ್ತು ಮುಖ್ಯ. ಬಹಳ ಮಂದಿ ಕೆಂಪಾದ ಮೇಲೆ, ರಾತ್ರಿ ಒಮ್ಮೆ ದಪ್ಪಗೆ ಮೆತ್ತುತ್ತಾರೆ. ಹಾಗಲ್ಲ. ಹಾಲೂಡಿಸುವ ಮೊದಲು, ಊಟ ತಿನ್ನಿಸುವ ಮೊದಲು, ಮಲಗಿಸುವ ಮೊದಲು ಒಣಗಿದ ಚರ್ಮದ ಮೇಲೆ ತೆಳುವಾಗಿ ಸವರಬೇಕು. ಮಳೆ ಬಂದ ಮೇಲೆ ಕೊಡೆ ಬಿಡಿಸಿ ಏನು ಪ್ರಯೋಜನ? ಗದ್ದ, ಬಾಯಿಯ ಎರಡು ಮೂಲೆಗಳು, ಕೆನ್ನೆಯ ಕೆಳಭಾಗ, ಕತ್ತಿನ ಮಡಿಕೆ, ಇಷ್ಟು ಸಾಕು. ಸ್ವಲ್ಪ ಬಾಯಿಗೆ ಹೋದರೂ ಗಾಬರಿ ಬೇಡ. ಆದರೆ ಡಬ್ಬಿಗೆ ಎಲ್ಲರೂ ಬೆರಳು ಹಾಕಬಾರದು, ಮಗುವಿನದ್ದು ಮಗುವಿಗೇ ಇರಲಿ. ಸುವಾಸನೆ, ಬಣ್ಣ ಸೇರಿಸಿದ್ದು ಬೇಡ.

ತೆಂಗಿನೆಣ್ಣೆ ಆಗದೇ ಎಂದು ಕರಾವಳಿಯ ಓದುಗರು ಖಂಡಿತ ಕೇಳುತ್ತಾರೆ. ಆಗುತ್ತದೆ. ಗಾಣದ ಶುದ್ಧ ಎಣ್ಣೆಯಾದರೆ ಒಣ ಚರ್ಮಕ್ಕೆ ಒಳ್ಳೆಯದೇ. ಆದರೆ ಅದು ತೆಳು, ಜೊಲ್ಲಿನೊಂದಿಗೆ ಬೇಗ ಹರಿದುಹೋಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ತಲೆಗೆ ಹಾಕುವ ಪರಿಮಳದ ಎಣ್ಣೆಯನ್ನೂ ಸಾಸಿವೆ ಎಣ್ಣೆಯನ್ನೂ ಮುಖಕ್ಕೆ ತರಬೇಡಿ, ಅವು ಉರಿಸುತ್ತವೆ.

ಮಗುವಿನ ಕೆನ್ನೆ ಎಲ್ಲೆಲ್ಲಿ ತಾಗುತ್ತದೆ ಎಂಬುದನ್ನು ನಾವು ಗಮನಿಸುವುದು ಕಡಿಮೆ. ಬುರ್ಖಾ ತೊಟ್ಟು ಮಗುವನ್ನು ಭುಜದ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಒಂದು ಗಂಟೆ ಪ್ರಯಾಣ ಮಾಡಿದರೆ, ಆ ಒಂದು ಗಂಟೆಯೂ ಒದ್ದೆ ಕೆನ್ನೆ ಪಾಲಿಸ್ಟರ್ ಬಟ್ಟೆಗೆ ಉಜ್ಜುತ್ತಿರುತ್ತದೆ. ಕಲ್ಲು, ಮಣಿ ಹೊಲಿದದ್ದಾದರೆ ಕೇಳುವುದೇ ಬೇಡ. ಭುಜದ ಮೇಲೆ ಒಂದು ಹತ್ತಿ ಬಟ್ಟೆ ಹಾಸಿಕೊಳ್ಳಿ. ಗಂಡಸರಿಗೂ ಒಂದು ಮಾತಿದೆ. ಜುಮಾ ಮುಗಿಸಿ ಬಂದವರು ಗಡ್ಡಕ್ಕೂ ಅಂಗಿಗೂ ಅತ್ತರ್ ಹಚ್ಚಿಕೊಂಡೇ ಮಗುವನ್ನು ಎತ್ತಿ ಮುದ್ದಾಡುತ್ತಾರೆ. ಪ್ರೀತಿ ದೊಡ್ಡದೇ, ಆದರೆ ಕೆಂಪಾದ ಕೆನ್ನೆಗೆ ಗಡ್ಡದ ಕೂದಲೂ ಚುಚ್ಚುತ್ತದೆ, ಅತ್ತರೂ ಉರಿಯುತ್ತದೆ. ಹಣೆಗೆ ಮುತ್ತಿಡಲಿ. ಹಬ್ಬದ ದಿನ ಮಗುವಿಗೇ ಅತ್ತರ್ ಪೂಸುವವರಿದ್ದಾರೆ, ಅದಂತೂ ಬೇಡವೇ ಬೇಡ.

ಕತ್ತಿನ ದಾರದ ಬಗ್ಗೆ. ತಾಯತದ ಸರಿ ತಪ್ಪಿನ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಕತ್ತಿಗೆ ಕಟ್ಟಿದ ಕಪ್ಪು ದಾರ ಜೊಲ್ಲು, ಹಾಲು, ಬೆವರು ಎಲ್ಲವನ್ನೂ ಹೀರಿಕೊಂಡು ದಿನವಿಡೀ ಒದ್ದೆಯಾಗಿರುತ್ತದೆ, ಮಡಿಕೆಯೊಳಗೆ ಚರ್ಮವನ್ನು ಕೊರೆಯುತ್ತದೆ, ನಿದ್ದೆಯಲ್ಲಿ ಎಲ್ಲಿಗಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುವ ಅಪಾಯವೂ ಇದೆ. ಬಿಚ್ಚಿಡುವುದಕ್ಕೆ ಇಷ್ಟೇ ಸಾಕಲ್ಲವೇ? ಕೊರಳಿಗೆ ಕಟ್ಟುವ ಬಿಬ್ಬಿನದ್ದೂ ಇದೇ ಮಾತು. ಎಚ್ಚರವಿರುವಾಗ ಕಟ್ಟಿ, ಒದ್ದೆಯಾದ ಕೂಡಲೇ ಬದಲಿಸಿ, ಮಲಗಿಸುವಾಗ ತೆಗೆದುಬಿಡಿ. ರಬ್ಬರಿನ ನಿಪ್ಪಲ್ ಚೀಪಲು ಕೊಡುವ ಅಭ್ಯಾಸವಿದ್ದರೆ ಅದರ ಹಿಂಬದಿಯ ಬಿಲ್ಲೆಯಡಿ ಜೊಲ್ಲು ನಿಲ್ಲುತ್ತದೆ. ಗುಳ್ಳೆಗಳು ಬಾಯಿಯ ಸುತ್ತ ಉಂಗುರದಂತೆ ಎದ್ದಿದ್ದರೆ ಅದನ್ನು ಕೆಲವು ದಿನ ದೂರವಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಸರಿಯಾಗಿ ಒಣಗುವುದೇ ಇಲ್ಲ. ಅರೆ ಒಣಗಿದ ಬಟ್ಟೆಗೆ ಇಸ್ತ್ರಿ ಹಾಕಿ ಆರಿಸಿದ ಮೇಲೆ ಕಟ್ಟಿ. ಸೋಪಿನ ಪುಡಿ ಉಳಿಯದಂತೆ ಇನ್ನೊಂದು ನೀರಿನಲ್ಲಿ ಜಾಲಾಡಿಸಿ. ಕಲಬುರಗಿ, ವಿಜಯಪುರದ ಕಡೆಯ ತಾಯಂದಿರ ಕಷ್ಟ ಬೇರೆ. ಅಲ್ಲಿ ಚಳಿಗಾಲದ ಒಣ ಗಾಳಿಗೆ ಒದ್ದೆ ಕೆನ್ನೆ ಬಿರಿಯುತ್ತದೆ. ಸ್ನಾನವಾದ ಕೂಡಲೇ ಜೆಲ್ಲಿ ಸವರುವುದನ್ನು ಅವರು ತಪ್ಪಿಸಬಾರದು.

ಇನ್ನು ನಾವು ಒಳ್ಳೆಯದೆಂದು ತಿಳಿದು ಹಚ್ಚುವ ವಸ್ತುಗಳು. ಪೌಡರ್ ಅವುಗಳಲ್ಲಿ ಮೊದಲನೆಯದು. ಒದ್ದೆ ಜಾಗಕ್ಕೆ ಪೌಡರ್ ಹಾಕಿದರೆ ಅದು ಜೊಲ್ಲಿನೊಂದಿಗೆ ಹಿಟ್ಟಿನಂತೆ ಕಲಸಿಕೊಂಡು ಕತ್ತಿನ ಮಡಿಕೆಯಲ್ಲಿ ಗಟ್ಟಿಯಾಗಿ ಚರ್ಮವನ್ನು ಕೆರೆಯುತ್ತದೆ. ಮುಖದ ಹತ್ತಿರ ಉದುರಿಸುವಾಗ ಮಗು ಅದನ್ನು ಉಸಿರಿನೊಂದಿಗೆ ಎಳೆದುಕೊಳ್ಳುತ್ತದೆ. ಮಕ್ಕಳ ವೈದ್ಯರು ಪೌಡರ್ ಬೇಡವೆನ್ನಲು ಮುಖ್ಯ ಕಾರಣ ಇದೇ. ಕಡಲೆ ಹಿಟ್ಟು, ಹೆಸರು ಹಿಟ್ಟಿನಿಂದ ಮುಖ ಉಜ್ಜುವುದು, ಅರಸಿನ ಮೆತ್ತುವುದು, ನಿಂಬೆರಸ ಸವರುವುದು, ಇವೆಲ್ಲ ಗಾಯಕ್ಕೆ ಇನ್ನೊಂದು ಗಾಯ. ಗೀರು ಬಿದ್ದ ನಮ್ಮ ಕೈಗೆ ನಿಂಬೆರಸ ತಾಗಿದರೆ ನಾವು ಸುಮ್ಮನಿರುತ್ತೇವೆಯೇ?

ಆದರೆ ಹಿಟ್ಟು, ಅರಸಿನಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಮೆಡಿಕಲ್ ಅಂಗಡಿಯಿಂದ ಬರುವ ಸಣ್ಣ ಟ್ಯೂಬು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಏಳು ತಿಂಗಳ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಕೆನ್ನೆ ಕೆಂಪಾದಾಗ ಮನೆಯವರು ಅಂಗಡಿಯಲ್ಲಿ ಕೇಳಿ ಒಂದು ಮುಲಾಮು ತಂದಿದ್ದರು. ಎರಡೇ ದಿನದಲ್ಲಿ ಮುಖ ಕನ್ನಡಿಯಂತಾಯಿತು. ನಿಲ್ಲಿಸಿದ ನಾಲ್ಕೈದು ದಿನಕ್ಕೆ ಮೊದಲಿಗಿಂತ ಹೆಚ್ಚು ಕೆಂಪಾಯಿತು. ಮತ್ತೆ ಹಚ್ಚಿದರು, ಮತ್ತೆ ಹೋಯಿತು, ಮತ್ತೆ ಬಂತು. ಹೀಗೆ ಎರಡು ತಿಂಗಳು. ನಾನು ನೋಡುವಾಗ ಮಗುವಿನ ಕೆನ್ನೆ ಈರುಳ್ಳಿಯ ಒಳಸಿಪ್ಪೆಯಂತೆ ತೆಳುವಾಗಿ ಹೊಳೆಯುತ್ತಿತ್ತು, ಕೆಂಪು ನೂಲಿನಂಥ ರಕ್ತನಾಳಗಳು ಕಾಣುತ್ತಿದ್ದವು. "ಹಚ್ಚಿದರೆ ಒಳ್ಳೆಯದಾಗುತ್ತದೆ ಟೀಚರ್, ಬಿಟ್ಟರೆ ಬರುತ್ತದೆ" ಎಂದಳು. ಚರ್ಮರೋಗದ ವೈದ್ಯರು ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಹೇಳಿದರು: ಪ್ರಬಲವಾದ ಸ್ಟೀರಾಯ್ಡ್, ಜೊತೆಗೆ ಶಿಲೀಂಧ್ರದ ಮದ್ದು, ಜೊತೆಗೆ ಆಂಟಿಬಯೋಟಿಕ್, ಮೂರೂ ಒಂದೇ ಟ್ಯೂಬಿನಲ್ಲಿ. ಮಗುವಿಗೆ ಇದ್ದದ್ದು ಬರಿಯ ಜೊಲ್ಲಿನ ಗುಳ್ಳೆ. ಅವರು ಅದನ್ನು ಹಂತ ಹಂತವಾಗಿ ಬಿಡಿಸಿದರು. ಮುಖ ಸರಿಯಾಗಲು ತಿಂಗಳುಗಳೇ ಬೇಕಾದವು. ನಿಲ್ಲಿಸಿದ ಮೊದಲ ದಿನಗಳಲ್ಲಿ ಕೆನ್ನೆ ಉರಿದು ಮಗು ರಾತ್ರಿಯೆಲ್ಲ ಅಳುತ್ತಿದ್ದಾಗ "ಆ ಟ್ಯೂಬನ್ನೇ ಹಚ್ಚು" ಎಂದು ಒತ್ತಾಯಿಸಿದ ಮನೆಯವರೆದುರು ಆ ಹುಡುಗಿ ಗಟ್ಟಿಯಾಗಿ ನಿಂತಳು.

ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಕಾರಣವನ್ನು ಅಲ್ಲ. ಜೊಲ್ಲು ಸುರಿಯುತ್ತಲೇ ಇರುವಾಗ ಗುಳ್ಳೆ ಮರಳುತ್ತದೆ, ನಾವು ಮತ್ತೆ ಹಚ್ಚುತ್ತೇವೆ, ಅಷ್ಟರಲ್ಲಿ ಚರ್ಮ ಸವೆಯುತ್ತದೆ. ಎಳೆಯ ಚರ್ಮ ಅದನ್ನು ಒಳಗೂ ಹೆಚ್ಚು ಹೀರಿಕೊಳ್ಳುತ್ತದೆ. ಈ ಹಾವಳಿಯನ್ನು ಕಂಡೇ ಕೇಂದ್ರ ಸರಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಎಂದು ಬರೆದಿದ್ದರೆ ಅದು ಸ್ಟೀರಾಯ್ಡ್. ಇಂಗ್ಲಿಷ್ ಓದಲು ಬಾರದ ತಾಯಿ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಲಿ. ಸ್ಟೀರಾಯ್ಡ್ ಎಂದರೆ ವಿಷವೆಂದು ನಾನು ಹೇಳುತ್ತಿಲ್ಲ. ಪರೀಕ್ಷಿಸಿದ ವೈದ್ಯರು ಮೃದುವಾದದ್ದೊಂದನ್ನು ಇಷ್ಟೇ ದಿನ ಎಂದು ಬರೆದುಕೊಟ್ಟರೆ ಅವರು ಹೇಳಿದಂತೆ ಹಚ್ಚಬೇಕು. ನೆರೆಮನೆಯ ಮಗುವಿಗೆ ಬರೆದುಕೊಟ್ಟದ್ದನ್ನು ಅಲ್ಲ.

ಜೊಲ್ಲು ಕಂಡೊಡನೆ "ಹಲ್ಲು ಬರುತ್ತಿದೆ" ಎನ್ನುವುದು ರೂಢಿ. ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಚೀಚೆ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ವರ್ಷವಾಗುತ್ತದೆ. ಮೂರು ತಿಂಗಳಿನ ಜೊಲ್ಲಿಗೆ ಹಲ್ಲು ಕಾರಣವಾಗಬೇಕೆಂದಿಲ್ಲ. ಆದರೆ ಈ ನಂಬಿಕೆಯಿಂದ ಒಸಡಿಗೆ ಜೇನು ತಿಕ್ಕುವ ಪದ್ಧತಿ ಬಂದಿದೆ, ಅದೇ ಅಪಾಯ. ಒಂದು ವರ್ಷ ತುಂಬದ ಮಗುವಿಗೆ ಒಂದು ತೊಟ್ಟು ಜೇನನ್ನೂ ಕೊಡಬಾರದು. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿ ಕೈಕಾಲುಗಳನ್ನೂ ಉಸಿರಾಟವನ್ನೂ ಬಲಹೀನಗೊಳಿಸುತ್ತವೆ. ಬೊಟುಲಿಸಂ ಎಂದು ಅದರ ಹೆಸರು. ಅಪರೂಪದ ಕಾಯಿಲೆ, ಆದರೆ ಬಂದರೆ ಭೀಕರ. "ಜೇನು ಶಿಫಾ ಅಲ್ಲವೇ?" ಎಂದು ಕೇಳುವವರಿಗೆ, ಖಂಡಿತ ಶಿಫಾ, ಔಷಧವನ್ನೂ ಪ್ರಾಯ ನೋಡಿಯೇ ಕೊಡುವುದು. ಒಸಡು ತುರಿಸಿ ಮಗು ಕಿರಿಕಿರಿ ಮಾಡಿದರೆ ಕೈ ಶುಚಿಮಾಡಿಕೊಂಡು ಬೆರಳಿನಿಂದ ಮೆಲ್ಲಗೆ ಒತ್ತಿಕೊಡಿ, ಇಲ್ಲವೇ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಚ್ಚಲು ಕೊಡಿ.

ಸುರ್ಮಾದ ಬಗ್ಗೆಯೂ ಎಚ್ಚರ. ಹಲವು ಸುರ್ಮಾಗಳಲ್ಲಿ ಸೀಸವಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕಣ್ಣಿಗೆ ಎಳೆದದ್ದು, ಕೆನ್ನೆಗೆ ಬೊಟ್ಟಿಟ್ಟದ್ದು ಜೊಲ್ಲಿನಲ್ಲಿ ಕರಗಿ ಮಗುವಿನ ಕೈಗೂ ಅಲ್ಲಿಂದ ಬಾಯಿಗೂ ಹೋಗುತ್ತದೆ. ಸೀಸ ಮಗುವಿನ ಮೆದುಳಿಗೆ ಕೇಡು.

ಮತ್ತೆ ಸಿಗಡಿಯ ವಿಚಾರಕ್ಕೆ ಬರೋಣ. ಬಾಣಂತಿ ಏನು ತಿಂದಳು ಎಂಬುದಕ್ಕೂ ಗದ್ದದ ಮೇಲೆ ಜೊಲ್ಲು ನಿಂತು ಎದ್ದ ಗುಳ್ಳೆಗೂ ಸಂಬಂಧವಿಲ್ಲ. ನಂಜಿನ ಹೆಸರಿನಲ್ಲಿ ಮೀನು, ಮೊಟ್ಟೆ, ಬದನೆ, ಹಣ್ಣು ಎಲ್ಲವನ್ನೂ ಬಿಡಿಸಿ ಗಂಜಿ ಚಟ್ನಿಯಲ್ಲಿ ಕೂರಿಸಿದರೆ ಗುಳ್ಳೆ ಹೋಗುವುದಿಲ್ಲ, ತಾಯಿ ಸೊರಗುತ್ತಾಳೆ. ಕೆಲವೇ ಮಕ್ಕಳಿಗೆ ತಾಯಿಯ ಆಹಾರದಲ್ಲಿರುವ ಯಾವುದಾದರೂ ಒಂದು ವಸ್ತು ಒಗ್ಗದಿರುವುದುಂಟು. ಅದನ್ನು ಪತ್ತೆ ಹಚ್ಚಬೇಕಾದವರು ವೈದ್ಯರು, ಅತ್ತಿಗೆಯಲ್ಲ. ಮಗುವಿಗೇ ಟೊಮೇಟೊ, ಕಿತ್ತಳೆ ತಿನ್ನಿಸಿದಾಗ ತಾಗಿದ ಜಾಗ ಸ್ವಲ್ಪ ಕೆಂಪಾಗಿ ಮಾಯವಾಗುವುದು ಹುಳಿಯ ಉರಿ. ತುಟಿ, ಕಣ್ಣು ಊದಿ, ಮೈಯೆಲ್ಲ ದದ್ದೆದ್ದು, ವಾಂತಿಯೋ ಉಬ್ಬಸವೋ ಬಂದರೆ ಮಾತ್ರ ಅದು ಅಲರ್ಜಿ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಒತ್ತಿ ಒರೆಸಿ, ಜೆಲ್ಲಿ ಸವರಿ, ಬಟ್ಟೆ ಬದಲಿಸುತ್ತಿದ್ದರೆ ಒಂದು ವಾರದೊಳಗೆ ಕೆಂಪು ತಗ್ಗುವುದು ಕಾಣಬೇಕು. ಜೊಲ್ಲು ನಿಲ್ಲುವವರೆಗೆ ಆಗಾಗ ಮರಳುತ್ತದೆ, ಅದು ಸಹಜ. ವಾರವಾದರೂ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಜೇನುಬಣ್ಣದ ಹಕ್ಕಳೆ ಕಟ್ಟಿ ರಸ ಒಸರಿದರೆ ಅದು ಕೀವಿನ ಸೋಂಕು. ಕತ್ತಿನ ಮಡಿಕೆ ಕಡುಗೆಂಪಾಗಿ ಸುತ್ತಲೂ ಸಣ್ಣ ಚುಕ್ಕೆಗಳಿದ್ದರೆ ಶಿಲೀಂಧ್ರವಿರಬಹುದು. ಕೆನ್ನೆಯೊಂದಿಗೆ ಮೈಕೈಯಲ್ಲೂ ಒರಟು ಕಲೆಗಳೆದ್ದು ಮಗು ತುರಿಕೆಯಿಂದ ನಿದ್ದೆಗೆಡುತ್ತಿದ್ದರೆ ಎಕ್ಸಿಮಾ ಇರಬಹುದು. ಇವು ಮೂರಕ್ಕೂ ಬೇರೆ ಬೇರೆ ಮದ್ದು. ತುಟಿಯ ಮೇಲೆ ನೀರುಗುಳ್ಳೆಯೆದ್ದವರು ಮಗುವನ್ನು ಮುದ್ದಿಸಬಾರದು. ಅದರಿಂದ ಮಗುವಿನ ಮುಖದಲ್ಲಿ ಗುಂಪು ಗುಂಪಾಗಿ ನೀರುಗುಳ್ಳೆ ಕಂಡರೆ ಅದೇ ದಿನ ವೈದ್ಯರನ್ನು ಕಾಣಿ. ಎಂದೂ ಇಲ್ಲದಷ್ಟು ಜೊಲ್ಲು ಒಮ್ಮೆಲೇ ಸುರಿದು, ಜ್ವರ ಬಂದು, ಮಗು ಹಾಲು ನುಂಗಲಾರದೆ ಉಸಿರಿಗೆ ಕಷ್ಟಪಟ್ಟರೆ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಹೊರಡಿ.

ವೈದ್ಯರ ಬಳಿ ಹೋಗುವಾಗ ಈವರೆಗೆ ಮುಖಕ್ಕೆ ಹಚ್ಚಿದ ಟ್ಯೂಬು, ಎಣ್ಣೆ, ಪೌಡರ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ಬೈಯುತ್ತಾರೆಂದು ಹೆದರಿ ಮನೆಯಲ್ಲೇ ಅಡಗಿಸಿಡುವವರಿದ್ದಾರೆ. ಹಾಗೆ ಮಾಡಿದರೆ ವೈದ್ಯರಿಗೆ ನಿಜವಾದ ಕಾರಣ ತಿಳಿಯುವುದೇ ಇಲ್ಲ.